ಮಳೆಯ ಲೆಕ್ಕವೂ ಮಹಲನೋಬಿಸರೂ

ಕಳೆದ ವರ್ಷ ಅರ್ಥಶಾಸ್ತ್ರದ ಅಭ್ಯಾಸಕ್ಕೆಂದು ನಾನೊಂದು ಲೆಕ್ಕ ಮಾಡಿದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಮಳೆಯಿಂದ ಭತ್ತದ ಬೆಳೆಯನ್ನು ಅಂದಾಜು ಮಾಡುವುದು ನನ್ನ ಹವಣಿಕೆ. ಉತ್ತರ ಕಂಡು ಬೆಚ್ಚಿದೆ. ಭಟ್ಕಳದ ಮಳೆ ಬೆಳೆಯನ್ನು ಬಹಳ ಹೆಚ್ಚಿಸುತ್ತದೆಯಂತೆ, ಹೊನ್ನಾವರದ ಮಳೆ ಅಷ್ಟೇ ಕೆಡಿಸುತ್ತದೆಯಂತೆ! ಒಂದು ವರ್ಷದ ಅಂಕಿ ಬಿಟ್ಟು ನೋಡಿದರೆ ಚಿಹ್ನೆಗಳೇ ಅದಲುಬದಲಾದುವು. ಹಾಳೆಯನ್ನು ಹರಿಯಲು ಹೊರಟ ನನಗೆ, ಮೊದಲು ಪ್ರಶಾಂತಚಂದ್ರ ಮಹಲನೋಬಿಸರ ಜೀವನವನ್ನು ಓದಬೇಕೆಂದು ನಮ್ಮ ಅಧ್ಯಾಪಕರು ಹೇಳಿದರು.

ಮಹಲನೋಬಿಸರು ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತೆಯಲ್ಲಿ. ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ಕಲಿತು 1915ರಲ್ಲಿ ಮರಳುವಾಗ ‘ಬಯೋಮೆಟ್ರಿಕ’ ಪತ್ರಿಕೆಯ ಸಂಪುಟಗಳನ್ನು ಜೊತೆಗೆ ತಂದರು. ಹಡಗಿನಲ್ಲಿಯೇ ಓದತೊಡಗಿದ ಆ ಪುಟಗಳು ಅವರ ಬಾಳಿನ ದಾರಿಯನ್ನೇ ತಿರುಗಿಸಿದುವು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಬ್ರಜೇಂದ್ರನಾಥ ಸೀಲರು, ಕಲ್ಕತ್ತೆಯ ಪರೀಕ್ಷಾ ಫಲಿತಾಂಶಗಳ ಪರಿಶೀಲನೆಯನ್ನು ಈ ತರುಣನಿಗೆ ಒಪ್ಪಿಸಿ ಹುರಿದುಂಬಿಸಿದರು.

1926ರಲ್ಲಿ ಒರಿಸ್ಸಾದ ಬ್ರಾಹ್ಮಣೀ ನದಿಗೆ ದೊಡ್ಡ ನೆರೆ ಬಂತು. ನದಿಯ ತಳ ಏರಿದೆ, ಒಡ್ಡುಗಳನ್ನು ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ಮತ. ಸುಮಾರು 60 ವರ್ಷಗಳ ಅಂಕಿಗಳನ್ನು ಸೋಸಿದ ಮಹಲನೋಬಿಸರು, ತಳ ಏರಿಲ್ಲ, ಮೇಲ್ದಂಡೆಯ ಅತಿವೃಷ್ಟಿಯೇ ಕಾರಣವೆಂದು ತೋರಿಸಿದರು.

1931ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1941ರಲ್ಲಿ ಅಲ್ಲಿಗೇ ಸೇರಿದರು.

ಜನಸಮುದಾಯಗಳ ದೇಹದ ಅಳತೆಗಳನ್ನು ಹೋಲಿಸುವಾಗ ಅವರಿಗೆ ಒಂದು ತೊಡಕು ಎದುರಾಯಿತು. ಎತ್ತರದವನ ಕೈಯೂ ಸಾಮಾನ್ಯವಾಗಿ ಉದ್ದವೇ. ಎರಡನ್ನೂ ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದರೆ ಒಂದೇ ಮಾತನ್ನು ಎರಡು ಸಲ ಕೇಳಿದಂತೆ. ಈ ನಂಟನ್ನೂ ಲೆಕ್ಕಕ್ಕೆ ಹಿಡಿಯುವ ‘ದೂರ’ವನ್ನು ಅವರು 1936ರಲ್ಲಿ ನಿರೂಪಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲಿಯೇ ನಿಂತಿದೆ. 1972ರ ಜೂನ್ 28ರಂದು ಅವರು ತೀರಿಕೊಂಡರು.

ಇಷ್ಟು ಓದಿದ ಮೇಲೆ ನನ್ನ ತಪ್ಪು ಹೊಳೆಯಿತು. ಒಂದೇ ಕರಾವಳಿಯ ಮೂರು ಊರುಗಳಿಗೆ ಸುರಿಯುವುದು ಒಂದೇ ಮುಂಗಾರು. ಯಾವ ಊರಿನ ಮಳೆಯಿಂದ ಎಷ್ಟು ಬೆಳೆಯೆಂದು ಬಿಡಿಸಿ ಹೇಳಲು ನನ್ನ ಅಂಕಿಗಳಿಗೆ ಶಕ್ತಿಯಿರಲಿಲ್ಲ. ಇಂಥ ತೊಡಕಿಗೆ ಹೋರ್ಲ್ ಮತ್ತು ಕೆನಾರ್ಡ್ ಎಂಬವರು 1970ರಲ್ಲಿ ‘ರಿಜ್ ರಿಗ್ರೆಷನ್’ ಎಂಬ ಉಪಾಯವನ್ನು ಪ್ರಕಟಿಸಿದ್ದರು. ಅಳತೆಗಳನ್ನು ಒಂದೇ ಮಾನಕ್ಕೆ ತಂದು, ಅವುಗಳ ಸಹಸಂಬಂಧದ ಕೋಷ್ಟಕದ ಕರ್ಣದ ಪ್ರತಿ ಮನೆಗೂ ಒಂದು ಚಿಕ್ಕ ಸಂಖ್ಯೆ ಕೂಡಿಸುವುದು. ಉತ್ತರ ತುಸು ವಾಲುತ್ತದೆ ನಿಜ, ಆದರೆ ಓಲಾಡುವುದು ಬಹಳ ಕಡಮೆಯಾಗುತ್ತದೆ.

ಹಾಗೆಯೇ ಮಾಡಿದೆ. ಮೂರು ಊರುಗಳ ಗುಣಾಂಕಗಳೂ ಚಿಕ್ಕವಾಗಿ ಒಂದೇ ದಿಕ್ಕಿಗೆ ತಿರುಗಿದುವು. ಹೊನ್ನಾವರದ ಮಳೆಯ ಮೇಲೆ ನಾನು ಹೊರಿಸಿದ್ದ ಅಪವಾದವೂ ತೊಲಗಿತು.