ಪ್ಲೇಟೋ

ಕ್ರಿ.ಪೂ. 427ರ ಸುಮಾರಿಗೆ ಗ್ರೀಸ್ ದೇಶದ ಅಥೆನ್ಸಿನಲ್ಲಿ ಹುಟ್ಟಿದ ಪ್ಲೇಟೋ ಸಿರಿವಂತರ ಮನೆಯವನು. ಗುರು ಸಾಕ್ರಟೀಸ್. ಹುಡುಗರನ್ನು ಕೆಡಿಸ್ತಾನೆ ಅಂತ ಕ್ರಿ.ಪೂ. 399ರಲ್ಲಿ ನೂರಾರು ಜನರ ನ್ಯಾಯಸಭೆ ಆ ಗುರುವಿಗೆ ವಿಷ ಕುಡಿಸಿತು. ಪ್ರಶ್ನೆ ಕೇಳಿದವನಿಗೆ ಸಾವೇ? ಓದಿದ ದಿನ ನನಗೆ ಊಟ ಸೇರಲಿಲ್ಲ. ಪ್ಲೇಟೋ ಗುರುವನ್ನೇ ಪಾತ್ರ ಮಾಡಿ ಸಂವಾದಗಳನ್ನು ಬರೆದನು, ಅಕಾಡೆಮಿ ಎಂಬ ಶಾಲೆ ತೆರೆದನು.

ಊರಿನಲ್ಲಿರುವಂತೆ ಆತ್ಮದಲ್ಲೂ ಮೂರು ಪಾಲು ಎಂದನು: ತಲೆಯಲ್ಲಿ ವಿವೇಕ, ಎದೆಯಲ್ಲಿ ರೋಷ, ಹೊಟ್ಟೆಯಲ್ಲಿ ಆಸೆ. ದಾವಣಗೆರೆಯಲ್ಲಿ ಬೆಣ್ಣೆದೋಸೆ ವಾಸನೆ ಬಂದ್ರೆ ನನ್ನ ಆಸೆ ಎದ್ದು ಕೂರುತ್ತೆ. ಬಸ್ ಚಾರ್ಜಿನ ದುಡ್ಡು ಮುಟ್ಟಬೇಡ ಅಂತ ವಿವೇಕ ಗದರುತ್ತೆ! ಹರಿಹರದ ಗುಡಿಯಲ್ಲಿ ಹರಿ, ಹರ ಇಬ್ಬರೂ ಒಂದೇ ಮೂರ್ತಿಯಲ್ಲಿ ಜಗಳವಿಲ್ಲದೆ ನಿಂತಿದ್ದಾರೆ. ನಮ್ಮೊಳಗಿನ ಮೂವರು ಹಾಗಲ್ಲ. ರೋಷವು ವಿವೇಕದ ಕಡೆ ಸೇರಿದರೆ ಮಾತ್ರ ಆಸೆ ಹತೋಟಿಗೆ ಬರುತ್ತದಂತೆ.

ಗುರುವನ್ನು ಕೊಂದ ಅದೇ ಊರಿನಲ್ಲಿ ಪಾಠ ಹೇಳುತ್ತಾ, ಕ್ರಿ.ಪೂ. 347ರ ಸುಮಾರಿಗೆ ತೀರಿಕೊಂಡನು.