ಪದವಿಯಿಲ್ಲದ ಪಕ್ಷಿತಜ್ಞ

ಗೋವಾದ ಮಾಂಡೋವಿ ನದಿಯ ಅಳಿವೆಯಲ್ಲಿ ಚೋರಾವ್ ದ್ವೀಪವಿದೆ. ರಿಬಂದರಿನಿಂದ ಫೆರಿಯಲ್ಲಿ ದಾಟಿ, ಕಾಂಡ್ಲಾ ಮರಗಳ ನಡುವಿನ ಹಾದಿಯಲ್ಲಿ ಸದ್ದಿಲ್ಲದೆ ನಡೆದರೆ ಮಿಂಚುಳ್ಳಿ, ಬೆಳ್ಳಕ್ಕಿಗಳು ಕಾಣುತ್ತವೆ. ಈ ಪಕ್ಷಿಧಾಮಕ್ಕೆ ಡಾ. ಸಲೀಂ ಅಲಿಯವರ ಹೆಸರಿಡಲಾಗಿದೆ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಒಮ್ಮೆ ತಾನೇ ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಗುರುತು ಕಂಡು, ಅದು ಯಾವ ಹಕ್ಕಿಯೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಹಕ್ಕಿಗಳ ನಂಟು ಅಲ್ಲಿಂದ ಬೆಳೆಯಿತು.

ಕಾಲೇಜಿನಲ್ಲಿ ಗಣಿತ ಕೈಹಿಡಿಯಲಿಲ್ಲ. ಪದವಿ ಇಲ್ಲವೆಂದು ಸರ್ಕಾರಿ ಪಕ್ಷಿತಜ್ಞರ ಹುದ್ದೆಯೂ ತಪ್ಪಿತು. ಬರ್ಲಿನ್‌ನಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ ಕೈಯಲ್ಲಿ ಕೆಲಸವಿರಲಿಲ್ಲ. ಪತ್ನಿ ತೆಹ್ಮಿನಾ ಅವರೊಂದಿಗೆ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗನ ಗೂಡುಗಳನ್ನು ತಿಂಗಳುಗಟ್ಟಲೆ ಕಾದು ನೋಡಿ, ಕಂಡದ್ದನ್ನೆಲ್ಲ ಬರೆದಿಟ್ಟರು. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಒಪ್ಪಿದ ಮೇಲೆಯೇ ಅದನ್ನು ಪೂರ್ತಿಗೊಳಿಸುತ್ತದೆ ಎಂದು ತೋರಿಸಿದ ಆ ಅಧ್ಯಯನ ಅವರಿಗೆ ಹೆಸರು ತಂದಿತು.

ನಮ್ಮ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದೂ ಅವರ ಒತ್ತಾಸೆಯಿಂದಲೇ. 1976ರಲ್ಲಿ ಪದ್ಮವಿಭೂಷಣ ಪಡೆದ ಅವರು 1987ರ ಜೂನ್ 20ರಂದು ತೀರಿಕೊಂಡರು.

ಕೆಲಸವಿಲ್ಲದ ಆ ದಿನಗಳಲ್ಲೂ ಅವರು ನೋಡುವುದನ್ನು, ಬರೆದಿಡುವುದನ್ನು ಬಿಡಲಿಲ್ಲ. ಅಂಕಪಟ್ಟಿ ಕೈಗೆ ಬಂದ ದಿನ ನಾವು ನೆನೆಯಬೇಕಾದದ್ದು ಇದನ್ನೇ.