ತೂಕ ಸರಿಯಿದ್ದರೂ ತೊಡೆಯ ಕೊಬ್ಬು ಇಳಿಯುತ್ತಿಲ್ಲವೇ? ಪಡ್ಜಿ ಸ್ಟಾಕ್ಟನ್ ಭಾರ ಎತ್ತಿದ ಕಥೆ

ಎತ್ತರಕ್ಕೆ ತಕ್ಕ ತೂಕವಿದೆ, ಆದರೂ ತೊಡೆ ಮಾತ್ರ ಸಣ್ಣಗಾಗುತ್ತಿಲ್ಲ ಎಂಬ ದೂರನ್ನು ನಾವು ಆಗಾಗ ಕೇಳುತ್ತೇವೆ. ಊಟ ಇನ್ನಷ್ಟು ಕಡಿಮೆ ಮಾಡಿ, ದಿನಕ್ಕೆ ನೂರು ಸಲ ಕಾಲೆತ್ತಿ ಎಂಬ ಸಲಹೆಗಳಿಗಂತೂ ಬರವಿಲ್ಲ. ಭಾರ ಎತ್ತಿ ಎಂದರೆ ಮಾತ್ರ ಮೈ ಗಂಡಸರಂತಾಗುತ್ತದೆ ಎಂಬ ಭಯ. ಈ ಭಯ ಹೊಸದಲ್ಲ. 1940ರ ದಶಕದ ಅಮೆರಿಕದಲ್ಲಿ ಅದು ಇನ್ನೂ ಗಟ್ಟಿಯಾಗಿತ್ತು. ಅದನ್ನು ಸುಳ್ಳೆಂದು ತೋರಿಸಿದವರಲ್ಲಿ ಮೊದಲಿಗರು ಪಡ್ಜಿ ಸ್ಟಾಕ್ಟನ್.

1917ರಲ್ಲಿ ಹುಟ್ಟಿದ ಇವರ ನಿಜವಾದ ಹೆಸರು ಆ್ಯಬಿ ಎವಿಲ್. ಪಡ್ಜಿ ಎಂಬುದು ಅಪ್ಪ ಇಟ್ಟ ಮುದ್ದಿನ ಹೆಸರು, ನಮ್ಮಲ್ಲಿ ಮಗುವನ್ನು ಗುಂಡಮ್ಮ ಎಂದು ಕರೆದ ಹಾಗೆ. ಓದು ಮುಗಿಸಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಟೆಲಿಫೋನ್ ಆಪರೇಟರ್ ಆದರು. ದಿನವಿಡೀ ಕುಳಿತು ಮಾಡುವ ಕೆಲಸ, ಮೈ ತೂಕ ಏರತೊಡಗಿತು. ಆಗ ಗೆಳೆಯ ಲೆಸ್ ಸ್ಟಾಕ್ಟನ್ ಒಂದು ಜೊತೆ ಡಂಬೆಲ್ ತಂದುಕೊಟ್ಟರು. ಮುಂದೆ ಇಬ್ಬರೂ ಮದುವೆಯಾದರು.

ಊರಿನ ಸಮುದ್ರ ತೀರದಲ್ಲಿ, ನಂತರ ಮಸಲ್ ಬೀಚ್ ಎಂದು ಹೆಸರಾದ ಜಾಗದಲ್ಲಿ, ಇಬ್ಬರೂ ಕಸರತ್ತು ಮಾಡುತ್ತಿದ್ದರು. ಲೆಸ್ ಮೇಲೆತ್ತಿ ಹಿಡಿದ ಅಂಗೈಗಳ ಮೇಲೆ ಪಡ್ಜಿ ನಿಂತು, ತಾವೂ ಒಂದು ಬಾರ್‌ಬೆಲ್ ಎತ್ತುತ್ತಿದ್ದರು! ಇಷ್ಟೆಲ್ಲ ಮಾಡುತ್ತಿದ್ದವರ ಎತ್ತರ ಸುಮಾರು 5 ಅಡಿ 2 ಇಂಚು, ತೂಕ 52 ಕೆಜಿ ಆಸುಪಾಸು. ಇಂದಿನ ಬಿಎಂಐ ಲೆಕ್ಕದಲ್ಲಿ ಅದು 21, ಆರೋಗ್ಯಕರ ಮಟ್ಟ. ಅವರ ಚಿತ್ರ 40ಕ್ಕೂ ಹೆಚ್ಚು ಪತ್ರಿಕೆಗಳ ಮುಖಪುಟದಲ್ಲಿ ಬಂತು. ಭಾರ ಎತ್ತಿದ ಹೆಣ್ಣು ಹೇಗಿರುತ್ತಾಳೆ ಎಂಬುದನ್ನು ಜನ ಕಣ್ಣಾರೆ ಕಂಡರು.

ಹಾಗಾದರೆ ಭಾರ ಎತ್ತಿದರೆ ತೊಡೆಯ ಕೊಬ್ಬೇ ಕರಗುತ್ತದೆಯೇ? ಇಲ್ಲ. ಯಾವ ಸ್ನಾಯುವಿಗೆ ಕೆಲಸ ಕೊಡುತ್ತೇವೋ ಅದರ ಮೇಲಿನ ಕೊಬ್ಬೇ ಖರ್ಚಾಗುತ್ತದೆ ಎಂಬುದು ತಪ್ಪು ಕಲ್ಪನೆ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನ ಟೆನಿಸ್ ಆಟಗಾರರ ಎರಡೂ ಕೈಗಳನ್ನು ಅಳೆದು ನೋಡಿತು. ರಾಕೆಟ್ ಹಿಡಿಯುವ ಕೈಯ ಸ್ನಾಯು ದಪ್ಪಗಾಗಿತ್ತು, ಚರ್ಮದಡಿಯ ಕೊಬ್ಬಿನ ಪದರ ಮಾತ್ರ ಎರಡೂ ಕೈಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಕೊಬ್ಬು ಇಡೀ ದೇಹದಿಂದ ರಕ್ತಕ್ಕೆ ಇಳಿದು ಇಂಧನವಾಗುತ್ತದೆ. ಎಲ್ಲಿಂದ ಮೊದಲು ಎಂಬುದನ್ನು ಹಾರ್ಮೋನು ಮತ್ತು ಅನುವಂಶೀಯತೆ ನಿರ್ಧರಿಸುತ್ತವೆ. ಹೆಂಗಸರ ತೊಡೆ, ಸೊಂಟದ ಕೆಳಭಾಗದ ಕೊಬ್ಬು ನಿಧಾನವಾಗಿ ಬಿಟ್ಟುಕೊಡುವ ಜಾತಿಯದು. ಬಸಿರು, ಬಾಣಂತನಕ್ಕೆಂದು ದೇಹ ಕಾಪಿಟ್ಟ ಗಂಟು ಅದು. ಹೊಟ್ಟೆಯೊಳಗಿನ ಕೊಬ್ಬಿನಷ್ಟು ಅಪಾಯಕಾರಿಯೂ ಅಲ್ಲ.

ತೂಕ ಸರಿಯಿರುವವರು ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ತೊಡೆ ಇನ್ನಷ್ಟು ಸಡಿಲವಾಗಿ ಕಾಣುತ್ತದೆ. ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ವ್ಯಾಯಾಮವನ್ನು ವಾರಕ್ಕೆ ಎರಡು-ಮೂರು ದಿನ ಮಾಡಿ, ಬೇಳೆಕಾಳು, ಮೊಟ್ಟೆ, ಹಾಲು ಸಾಕಷ್ಟು ತಿಂದರೆ ತೂಕದ ಯಂತ್ರದ ಮುಳ್ಳು ಕದಲದೆಯೂ ಸ್ನಾಯು ಹೆಚ್ಚಿ ಕೊಬ್ಬು ತಗ್ಗಬಹುದು. ಇದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಹೆಂಗಸರಲ್ಲಿ ಟೆಸ್ಟೋಸ್ಟೆರಾನ್ ಹಲವು ಪಟ್ಟು ಕಡಿಮೆ ಇರುವುದರಿಂದ ಗಂಡಸರಂಥ ಗಾತ್ರ ಬರುವುದಿಲ್ಲ. ಹಾಗೆಂದು ಎಲ್ಲರ ತೊಡೆಯೂ ಪಡ್ಜಿಯ ಫೋಟೊದಲ್ಲಿರುವಂತೆ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಕಾಲುಗಳಲ್ಲಷ್ಟೇ ಕೊಬ್ಬು ತುಂಬಿ, ಮುಟ್ಟಿದರೆ ನೋವು, ಸಣ್ಣ ಪೆಟ್ಟಿಗೂ ಕಂದುಗಟ್ಟುವುದು ಇದ್ದರೆ ಅದು ಲಿಪಿಡೀಮಾ ಇರಬಹುದು, ವೈದ್ಯರಿಗೆ ತೋರಿಸಿ.

ಪಡ್ಜಿ ಫೋಟೊಗಳಿಗಷ್ಟೇ ನಿಲ್ಲಲಿಲ್ಲ. 1944ರಿಂದ ಸುಮಾರು ಹತ್ತು ವರ್ಷ ಸ್ಟ್ರೆಂತ್ ಆ್ಯಂಡ್ ಹೆಲ್ತ್ ಪತ್ರಿಕೆಯಲ್ಲಿ ಮಹಿಳೆಯರಿಗಾಗಿ ಅಂಕಣ ಬರೆದು, ಭಾರ ಎತ್ತುವ ಇತರ ಹೆಂಗಸರನ್ನೂ ಪರಿಚಯಿಸಿದರು. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಅಧಿಕೃತ ಭಾರ ಎತ್ತುವ ಸ್ಪರ್ಧೆ ನಡೆಯಲು ಕಾರಣರಾದರು. ಅಲ್ಲಿ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಅವರೇ ಎತ್ತಿದ್ದು 135 ಪೌಂಡ್, ಅಂದರೆ ಸುಮಾರು 61 ಕೆಜಿ. ಮರುವರ್ಷ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ಮಹಿಳೆಯರಿಗೆಂದೇ ಜಿಮ್ ತೆರೆದರು.

ಒಲಿಂಪಿಕ್ಸ್ ಮಾತ್ರ ಬಹಳ ತಡಮಾಡಿತು. ಮಹಿಳೆಯರ ಭಾರ ಎತ್ತುವ ಸ್ಪರ್ಧೆ ಅಲ್ಲಿ ಮೊದಲು ನಡೆದದ್ದು 2000ದಲ್ಲಿ, ಸಿಡ್ನಿಯಲ್ಲಿ. ನಮ್ಮ ಕರ್ಣಂ ಮಲ್ಲೇಶ್ವರಿ 69 ಕೆಜಿ ವಿಭಾಗದಲ್ಲಿ ಕಂಚು ಗೆದ್ದದ್ದು ಆಗಲೇ. ಪಡ್ಜಿಗೆ ಆಗ 83 ವರ್ಷ. 2006ರಲ್ಲಿ ಅವರು ತೀರಿಕೊಂಡರು.